ಪಿಕಪ್ಪಿನಲ್ಲಿ ಹತ್ತನೆಯ ಮಗು

ಕೊಟ್ಟಿಗೆಹಾರದ ಜಮೀಲುನ್ನೀಸಾ ಅವರ ಬಾಯಿಗೆ ಹೆದರದ ಬಸ್ ಕಂಡಕ್ಟರು ಚಾರ್ಮಾಡಿ ಘಾಟಿಯ ಮೇಲೂ ಇಲ್ಲ, ಕೆಳಗೂ ಇಲ್ಲ. ಮೂವತ್ತು ವರ್ಷದಿಂದ ರಸ್ತೆಬದಿಯಲ್ಲಿ ನೀರುದೋಸೆಯ ಹೋಟೆಲು ನಡೆಸುತ್ತಿರುವ ಹೆಂಗಸು. ಚಟ್ನಿ ನೀರಾಯಿತು ಎಂದವನಿಗೆ, "ಘಾಟಿ ಇಳೀತೀಯಲ್ಲ ಮಾರಾಯ, ಗಟ್ಟಿ ಚಟ್ನಿ ತಿಂದ್ರೆ ತಿರುವಲ್ಲಿ ವಾಪಸ್ ಬರ್ತದೆ" ಎಂದು ಬಾಯಿ ಮುಚ್ಚಿಸುವವರು. ಇಂಥ ಬಾಯಿಗೂ ಒಂದೇ ಒಂದು ಪ್ರಶ್ನೆಗೆ ಬೀಗ ಬೀಳುತ್ತಿತ್ತು: "ಈ ಮಗು ಯಾರ್ದು?"

ಮಗು ಅವರ ಮೊಮ್ಮಗಳು ಸನಾ, ಆರು ವರ್ಷದವಳು. ಮಗ ಖಲೀಲ್ ತೋಟ ತೋಟ ತಿರುಗಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುವವನು. ಹೋಂಸ್ಟೇ ಒಂದರ ಅಡುಗೆಗೆಂದು ಮೇಘಾಲಯದಿಂದ ಬಂದಿದ್ದ ದಾಫಿಶಾಳನ್ನು ಮೆಚ್ಚಿ ಮದುವೆಯಾದ. ಸೊಸೆಯ ಮೇಲೆ ಅತ್ತೆಗೆ ಇದ್ದ ದೂರು ಒಂದೇ. ಮಳೆಗಾಲದಲ್ಲಿ ಊರಿಗೆ ಊರೇ ಗೊಣಗುತ್ತಿದ್ದರೆ ಅವಳು, "ಇದೂ ಒಂದು ಮಳೆನಾ?" ಎಂದು ನಗುತ್ತಿದ್ದಳು. ಸನಾಳಿಗೆ ಅಮ್ಮನದೇ ಸಣ್ಣ ಕಣ್ಣು, ರಿಬ್ಬನ್ ನಿಲ್ಲದಷ್ಟು ನುಣುಪು ಕೂದಲು. ಜಮೀಲುನ್ನೀಸಾ ದಿನಾ ಬೆಳಿಗ್ಗೆ ಆ ಕೂದಲಿಗೆ ಎಣ್ಣೆ ಹಚ್ಚಿ, ಬೈದು, ಜಡೆ ಹಾಕಿ, ಮುತ್ತು ಕೊಟ್ಟು ಶಾಲೆಗೆ ಕಳಿಸುವರು. ಆದರೆ ಗಿರಾಕಿಗಳು "ನೇಪಾಳದ್ದಾ?" "ಚೈನಾದ್ದಾ?" ಎಂದು ಕೇಳಿದರೆ, "ಅಯ್ಯೋ, ನಿದ್ದೆಗಣ್ಣು. ಮುಖ ತೊಳ್ಸೋಕೆ ಮರೆತೆ" ಎಂದು ಹಾರಿಸಿಬಿಡುವರು. ಸನಾ ಅದನ್ನು ನಿಜವೆಂದುಕೊಂಡು ಕಣ್ಣು ಉಜ್ಜಿಕೊಳ್ಳುತ್ತಿದ್ದಳು.

ಈ ಸಲದ ಕಾಫಿ ಕೊಯ್ಲಿನ ಹೊತ್ತು. ಬಣಕಲ್ ಸಂತೆಯಲ್ಲಿ ಅಜ್ಜಿ, ಮೊಮ್ಮಗಳು ಒಣಮೀನು ಆರಿಸುತ್ತಿದ್ದಾಗ ಗಿರಿಜಾಂಬಾ ಟೀಚರು ಎದುರಾದರು. ಖಲೀಲನಿಗೆ ಅಕ್ಷರ ಕಲಿಸಿದವರು. ನಿವೃತ್ತಿಯಾಗಿ ಹಾಸನ ಸೇರಿ, ಹತ್ತು ವರ್ಷದ ಮೇಲೆ ಈ ಕಡೆ ಬಂದಿದ್ದರು. ಇವರ ಎದುರು ಜಮೀಲುನ್ನೀಸಾ ಹಿಂದೊಮ್ಮೆ, "ನನ್ನ ಮಗನಿಗೆ ನಾನೇ ಹತ್ತು ಕಡೆ ನೋಡಿ ಹೆಣ್ಣು ತರ್ತೀನಿ" ಎಂದು ಕೊಚ್ಚಿಕೊಂಡಿದ್ದುಂಟು.

"ಯಾರ್ದು ಜಮೀಲಮ್ಮ ಈ ಮಗು? ನಮ್ಮ ಕಡೇದಲ್ಲ ಅಲ್ವಾ?"

"ಅದಾ? ಅಸ್ಸಾಮಿನ ಕೂಲಿಯವ್ರದ್ದು ಟೀಚರೇ. ಸುಮ್ನೆ ನನ್ನ ಹಿಂದೆ ಬಂದಿದೆ."

ಹೇಳಿದ ಮೇಲೆ ಅವರಿಗೇ ಹೇಗೋ ಆಯಿತು. ಮಾತು ತಿರುಗಿಸಿ ಮೀನಿನವನ ಜೊತೆ ಚೌಕಾಸಿಗಿಳಿದರು. ಎರಡು ಹೆಜ್ಜೆ ಆಚೆ ಚೌಡಯ್ಯ ನಿಂತಿದ್ದರು, ದೇವರಮನೆ ರಸ್ತೆಯ ತೋಟವೊಂದಕ್ಕೆ ಹೊಸದಾಗಿ ಬಂದ, ಆಳುಗಳ ಲೆಕ್ಕ ಬರೆಯುವ ರೈಟರು. ಕೊಯ್ಲಿಗೆ ಬಂದು ತೋಟದ ಲೈನುಮನೆಗಳಲ್ಲಿರುವ ಅಸ್ಸಾಮಿನವರನ್ನು ಸಂತೆಗೆ ಕರೆತಂದು, ಮತ್ತೆ ಪಿಕಪ್ಪಿಗೆ ಹತ್ತಿಸುವುದು ಅವತ್ತು ಅವರ ಪಾಲಿನ ಕೆಲಸ. "ಬಾ ಮರಿ, ಗಾಡಿ ಹೊರಡ್ತದೆ" ಎಂದು ಸನಾಳ ಕೈ ಹಿಡಿದರು. ಅಜ್ಜಿಯ ಮಾತು ಸನಾಳ ಕಿವಿಗೂ ಬಿದ್ದಿತ್ತು. ಅವಳು ಅಜ್ಜಿಯ ಬೆನ್ನನ್ನೊಮ್ಮೆ ನೋಡಿ, ತುಟಿ ಬಿಗಿದು, ಹೊರಟೇಹೋದಳು.

ತಿರುಗಿ ನೋಡಿದರೆ ಮಗುವಿಲ್ಲ. ಬಳೆ ಮಾರುವ ನಂಜಮ್ಮ, "ರೈಟ್ರು ಪಿಕಪ್ಪಿಗೆ ಹತ್ತಿಸ್ಕೊಂಡು ಹೋದ್ರಲ್ಲ" ಎಂದಾಗ ಜಮೀಲುನ್ನೀಸಾ ಮೀನಿನ ಚೀಲ ಹಿಡಿದುಕೊಂಡೇ ರಸ್ತೆಗೆ ಓಡಿದರು. ಆಟೋ ಹಿಡಿದು ತೋಟದ ದಾರಿಯುದ್ದಕ್ಕೂ ರೈಟರ ವಂಶವನ್ನೆಲ್ಲ ಜಾಲಾಡಿದರು. ಆಟೋದವನು, "ಅಲ್ಲ, ಅವ್ರು ಯಾಕೆ ಕರ್ಕೊಂಡು ಹೋದ್ರು?" ಎಂದಾಗ ಮಾತ್ರ, "ನೀನು ರಸ್ತೆ ನೋಡಿ ಗಾಡಿ ಓಡ್ಸು ಮಾರಾಯ" ಎಂದು ಹಾರಿಸಿದರು.

ಲೈನಿನ ಅಂಗಳದಲ್ಲಿ ಚೌಡಯ್ಯ ತಲೆ ಎಣಿಸಿ, ತಲೆ ಕೆರೆದುಕೊಳ್ಳುತ್ತಿದ್ದರು. ಹೋಗುವಾಗ ಮಕ್ಕಳು ಒಂಬತ್ತು, ಬರುವಾಗ ಹತ್ತು. ಹತ್ತನೆಯದು ಉಳಿದವರ ಜೊತೆ ಕಟ್ಟೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿತ್ತು.

"ನನ್ನ ಮೊಮ್ಮಗಳನ್ನ ಎತ್ಕೊಂಡು ಬಂದ್ರಲ್ರೀ!"

"ಕೂಲಿಯವ್ರದ್ದು ಅಂತ ನೀವೇ ಹೇಳಿದ್ರಲ್ಲಮ್ಮ? ಈಗ ನಿಮ್ದು ಅಂದ್ರೆ ಹೆಂಗೆ ಕಳಿಸ್ಲಿ?" ಚೌಡಯ್ಯ ಪಾಪ, ನಿಯತ್ತಿನ ಮನುಷ್ಯ. ಮಗುವಿನ ಕಡೆ ತಿರುಗಿದರು. "ಇವ್ರು ಯಾರು ಮರಿ?"

ಸನಾ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಅಗಿದಳು.

"ಸಂತೇಲಿ ನೋಡಿದ್ದೆ."

ಜಮೀಲುನ್ನೀಸಾ ಮೀನಿನ ಚೀಲ ಸಮೇತ ನೆಲದ ಮೇಲೆ ಕೂತುಬಿಟ್ಟರು. ನಾಚಿಕೆ, ದುಃಖ ಎರಡೂ ಒಟ್ಟಿಗೆ ನುಗ್ಗಿಬಂದವು. ಅಸ್ಸಾಮಿನ ಮುದುಕಿಯೊಬ್ಬಳು ಒಂದು ಲೋಟ ನೀರು ತಂದುಕೊಟ್ಟಾಗ ನಾಚಿಕೆ ಇನ್ನಷ್ಟಾಯಿತು. ನೀರು ಕುಡಿದು, ಲೈನಿಗೆಲ್ಲ ಕೇಳುವಂತೆ ಹೇಳಿದರು: "ಇವ್ಳು ನನ್ನ ಮೊಮ್ಮಗಳು. ಅಪ್ಪ ಕೊಟ್ಟಿಗೆಹಾರದವನು, ಅಮ್ಮ ಮೇಘಾಲಯದವ್ಳು. ಕಣ್ಣು ಅಮ್ಮಂದು. ನಿದ್ದೆಗಣ್ಣಲ್ಲ! ನಾನೇ ಸುಳ್ಳಿ. ತಪ್ಪಾಯ್ತು ಬೇಟಾ."

ಸನಾ ಅಗಿಯುವುದನ್ನು ನಿಲ್ಲಿಸಿದಳು. "ಹಂಗಾದ್ರೆ ಇನ್ನು ಕಣ್ಣು ಉಜ್ಜೋದು ಬೇಡ್ವಾ ದಾದಿ?"

"ಬೇಡ."

ದಾದಿ, ಅಂದರೆ ಅಜ್ಜಿ, ಎಂಬ ಮಾತು ಕೇಳಿದ್ದೇ ಚೌಡಯ್ಯ, "ಸದ್ಯ, ಒಂಬತ್ತಾಯ್ತು!" ಎಂದು ನಿಟ್ಟುಸಿರು ಬಿಟ್ಟರು.

ವಾಪಸ್ ಬರುವಾಗ ಬಣಕಲ್ ಬಸ್‌ಸ್ಟಾಂಡಿನಲ್ಲಿ ಗಿರಿಜಾಂಬಾ ಟೀಚರು ಇನ್ನೂ ಬಸ್ಸಿಗೆ ಕಾಯುತ್ತಿದ್ದರು. ಜಮೀಲುನ್ನೀಸಾ ಆಟೋ ನಿಲ್ಲಿಸಿ, ಮೊಮ್ಮಗಳನ್ನು ಇಳಿಸಿ, ಎದುರಿಗೆ ಹೋಗಿ ನಿಂತರು. "ಟೀಚರೇ, ಇವ್ಳು ಸನಾ. ನಮ್ಮ ಖಲೀಲನ ಮಗಳು."

ಟೀಚರು ಕನ್ನಡಕ ಸರಿಮಾಡಿಕೊಂಡರು. "ಆಗ ಬೇರೆ ಏನೋ ಹೇಳಿದ್ರಿ?"

ಮೂವತ್ತು ವರ್ಷ ಹೋಟೆಲು ನಡೆಸಿದ ಬಾಯಿ ತೆರೆಯುವ ಮೊದಲೇ ಸನಾ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಮ್ಮ ದಾದಿಗೆ ಸ್ವಲ್ಪ ಮರೆವು, ಟೀಚರ್."