ಎಂಜಲಾದ ಕೋಳಿ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಇವತ್ತು ಬೆಳಿಗ್ಗೆ ಒಂದು ಚೀಟಿ ಅಂಟಿಕೊಂಡಿತ್ತು. ನನ್ನ ಅತ್ತೆಯವರ ಕೈಬರಹ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರಾದರೂ ಅಕ್ಷರ ಮಾತ್ರ ಅವರೆಕಾಳಿನ ಹಾಗೆ ದುಂಡಗೆ. "ಕೋಳಿ ಒಂದೂವರೆ ಕೇಜಿ, ದಪ್ಪ ಮೆಣಸಿನಕಾಯಿ ಅರ್ಧ ಕೇಜಿ, ಚೀಸು, ಜೀರಿಗೆ. ಎಂಜಲಾದಕ್ಕೆ." ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹೆಂಗಸು ಒಂದು ಲೋಟ ಸಕ್ಕರೆ ಕೇಳಿಕೊಂಡು ಬಂದವಳು, ನಾನು ಡಬ್ಬಿ ತೆಗೆಯುವಷ್ಟರಲ್ಲಿ ಅದನ್ನು ಓದಿ, "ಇರ್ಲಿ ಬಿಡಿ ಅಕ್ಕಾ, ಆಮೇಲೆ ಬರ್ತೀನಿ" ಎಂದು ಖಾಲಿ ಲೋಟ ಹಿಡಿದು ಹೊರಟೇ ಹೋದಳು. ಎಂಜಲಿಗೆಂದು ಕೋಳಿ ತರಿಸುವ ಮನೆಯ ಸಕ್ಕರೆ ಯಾರಿಗೆ ಬೇಕು ಹೇಳಿ!

ಕೂಗಿ ಕರೆದು ವಿವರಿಸೋಣ ಎಂದುಕೊಂಡೆ. ಆದರೆ ಎಲ್ಲಿಂದ ಶುರು ಮಾಡುವುದು? ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವಾದರೂ ಸಕ್ಕರೆ ಬಿಟ್ಟು ಓಡಬೇಡಿ.

ನಾನು ಕೊರಟಗೆರೆಯವಳು. ಹನ್ನೆರಡು ವರ್ಷದ ಹಿಂದೆ ಮಧುಗಿರಿಗೆ ಸೊಸೆಯಾಗಿ ಬಂದೆ. ಅತ್ತೆಯವರ ತವರು ಪಾವಗಡದ ಆಚೆಗಿನ ನಾಗಲಮಡಿಕೆ. ಆ ಕಡೆ ಕನ್ನಡವೂ ತೆಲುಗೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಹಾಗಾಗಿ ಅವರು ನನಗೆ ಅತ್ತೆಯಲ್ಲ, ಅತ್ತಮ್ಮ. ಭಾಷೆಗಳು ಒಂದೇ ತಟ್ಟೆಯಲ್ಲಿ ಉಂಡರೂ ಅತ್ತಮ್ಮ ಮಾತ್ರ ಯಾರೊಂದಿಗೂ ಹಾಗೆ ಉಂಡವರಲ್ಲ. ಎಂಜಲು ಎಂದರೆ ಅವರಿಗೆ ಆಗದು. ನೀರು ಕುಡಿಯುವಾಗ ಚೊಂಬು ತುಟಿಯಿಂದ ಒಂದು ಗೇಣು ಮೇಲಿರಬೇಕು. ಬಡಿಸುವ ಸೌಟು ಯಾರದಾದರೂ ತಟ್ಟೆಗೆ ತಗುಲಿದರೆ ಆ ಸೌಟಿಗೆ ಆಗಲೇ ಸ್ನಾನ. ನನ್ನ ಗಂಡ ಮೂರು ವರ್ಷದ ಮಗುವಾಗಿದ್ದಾಗ ಅರ್ಧ ಕಚ್ಚಿ, ಪ್ರೀತಿಯಿಂದ ಅಮ್ಮನ ಬಾಯಿಗೆ ಹಿಡಿದ ಸೀಬೆಹಣ್ಣನ್ನು ಕೂಡ ಕಚ್ಚಿದ ಕಡೆ ಕುಯ್ದು ಬಿಸಾಕಿ, ಉಳಿದದ್ದನ್ನು ತಿಂದವರಂತೆ. ಹೆತ್ತ ಮಗನಿಗೇ ಈ ಮರ್ಯಾದೆ!

ಅಡುಗೆ ಮಾಡುವಾಗಲೂ ಅತ್ತಮ್ಮ ರುಚಿ ನೋಡುವವರಲ್ಲ. ಮೂಗಿನಲ್ಲೇ ಉಪ್ಪು ನೋಡುತ್ತಾರೆ. ಉಪ್ಪಿಗೆಲ್ಲಿಯ ವಾಸನೆ ಎಂದು ನೀವು ಕೇಳಬಹುದು. ನಾನೂ ಒಮ್ಮೆ ಕೇಳಿದ್ದೆ. "ನಿಂಗೆ ಮೂಗಿಲ್ಲ ಬುಡು" ಎಂದರು.

ಮದುವೆಯಾಗಿ ಬಂದ ಮೊದಲ ಭಾನುವಾರ ಕೋಳಿಸಾರು ನನ್ನ ಪಾಲಿಗೆ ಬಂದಿತ್ತು. ನಮ್ಮಮ್ಮ ಆದರೆ ಸಾರನ್ನು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದಳು. ನಾನು ಹುಟ್ಟಿದಾಗಿನಿಂದ ಅವಸರದವಳು. ಸೌಟನ್ನೇ ಬಾಯಿಗಿಟ್ಟೆ, ಅದೇ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತಮ್ಮ! ಬೈಯಲಿಲ್ಲ. ಬೈದಿದ್ದರೆ ಅತ್ತು ಮರೆಯಬಹುದಿತ್ತು. "ಪೂರಾ ಎಂಜ್ಲಾಯ್ತಲ್ಲಮ್ಮ. ಗಂಡ ಹೆಂಡ್ತಿ ಉಣ್ಣಿ, ನಿಮ್ಗೆ ದೋಸ ಇಲ್ಲ" ಎಂದು ಹೇಳಿ, ತಾವು ಹಿಂದಿನ ದಿನದ ಉಪ್ಪುಸಾರಿಗೆ ಮುದ್ದೆ ಮುರಿದುಕೊಂಡು ಉಂಡರು. ಆವತ್ತಿನಿಂದ ಭಾನುವಾರದ ಕೋಳಿ ನನ್ನ ಕೈ ತಪ್ಪಿತು. ಸೋಮವಾರದಿಂದ ಶನಿವಾರದವರೆಗೆ ಹುರುಳಿ, ಸೊಪ್ಪು, ಬದನೆಕಾಯಿಗೆ ನಾನು. ಭಾನುವಾರ ಬೆಳ್ಳುಳ್ಳಿ ಸುಲಿಯಲು ಮಾತ್ರ ನಾನು.

ನನಗೂ ಹಠ ಬಂತು. ರುಚಿ ನೋಡುವುದನ್ನೇ ಬಿಟ್ಟೆ. ಅಂಗೈಗೂ ಹಾಕಿಕೊಳ್ಳಲಿಲ್ಲ, ನಾಲಿಗೆಗೂ ಮುಟ್ಟಿಸಲಿಲ್ಲ. ಎಲ್ಲವೂ ಕಣ್ಣಂದಾಜು. ನಮ್ಮ ಯಜಮಾನರು ಬಲಸಮುದ್ರದ ಕಡೆಯ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾರೆ, ಪಾಪದ ಮನುಷ್ಯ. ಊಟಕ್ಕೆ ಕೂರುವಾಗ ಒಂದು ಕಡೆ ಉಪ್ಪಿನ ಡಬ್ಬಿ, ಇನ್ನೊಂದು ಕಡೆ ನೀರಿನ ಚೊಂಬು ಇಟ್ಟುಕೊಂಡು ಯಾವುದಕ್ಕೂ ತಯಾರಾಗಿರುತ್ತಿದ್ದರು.

ಈಗ ನಗುತ್ತ ಹೇಳುತ್ತಿದ್ದೇನೆ, ಆಗ ಹೊಟ್ಟೆ ಉರಿಯುತ್ತಿತ್ತು. ಕೋಳಿ ವಾರಕ್ಕೊಂದೇ ದಿನ ಬೇಯುವ ಮನೆಯಲ್ಲಿ ಆ ದಿನದ ಸೌಟು ಯಾರ ಕೈಯಲ್ಲಿದೆಯೋ ಮನೆ ಅವರದು. ನೆಂಟರು ಬಂದಾಗಲೆಲ್ಲ ಅತ್ತಮ್ಮ, "ನಮ್ ಸೊಸೆಗೆ ಕೋಳಿ ಬರಕಿಲ್ಲ ಕಣಮ್ಮ" ಎನ್ನುವರು. ನಾನು ಬೆಳ್ಳುಳ್ಳಿಯ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ನನಗೆ ಬೇಕಿದ್ದದ್ದು ಒಂದೇ ಒಂದು ಭಾನುವಾರ. ನಾನು ಮಾಡಿದ ಕೋಳಿಯನ್ನು ಅತ್ತಮ್ಮ ಮುಖ ಸಿಂಡರಿಸದೆ ತಿನ್ನಬೇಕು, ಅಷ್ಟೆ. ಅದಕ್ಕೆ ಆರು ವರ್ಷ ಕಾಯಬೇಕಾಯಿತು.

ಆರನೇ ವರ್ಷ ಅತ್ತಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡರು. ಕೊಡಿಗೇನಹಳ್ಳಿಯ ಕಡೆ ನಾಟಿ ವೈದ್ಯರ ಹತ್ತಿರ ದಪ್ಪನೆಯ ಕಟ್ಟು ಹಾಕಿಸಿಕೊಂಡು ಬಂದೆವು. ಹೊರಗೆ ಕಾಣುತ್ತಿದ್ದದ್ದು ಬೆರಳ ತುದಿಗಳು ಮಾತ್ರ. ಅದರಲ್ಲೇ ಚಮಚ ಸಿಕ್ಕಿಸಿಕೊಂಡು ತಾವೇ ಉಣ್ಣುತ್ತಿದ್ದರು. ತುತ್ತು ಮಾಡಿ ತಿನ್ನಿಸಲೇ ಎಂದು ಕೇಳಿದ್ದಕ್ಕೆ, "ನಾನೇನ್ ಕೂಸಾ?" ಎಂದರು. ನನಗೆ ಅವರ ನೋವಿನ ಬಗ್ಗೆ ನಿಜಕ್ಕೂ ಕನಿಕರವಿತ್ತು. ಆದರೆ ಸುಳ್ಳು ಏಕೆ ಹೇಳಲಿ, ಕಟ್ಟು ಹಾಕುತ್ತಿದ್ದ ವೈದ್ಯರು "ಹದಿನೈದು ದಿನ ಕೈ ಆಡಿಸಂಗಿಲ್ಲ" ಎಂದಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅದರಲ್ಲಿ ಭಾನುವಾರ ಎಷ್ಟು ಎಂದು.

"ನಾನ್ ಹೇಳ್ದಂಗೆ ಮಾಡು, ಕೋಳಿಸಾರು ಆಯ್ತದೆ" ಎಂದರು ಅತ್ತಮ್ಮ. ಅದೇ ನನಗೆ ಬೇಡವಾಗಿತ್ತು. ಅವರು ಹೇಳಿದ ಹಾಗೆ ಮಾಡಿ ಚೆನ್ನಾಗಿ ಬಂದರೆ ಅವರದು, ಕೆಟ್ಟರೆ ನನ್ನದು. ಅತ್ತಮ್ಮನಿಗೆ ತಲೆಬುಡ ಗೊತ್ತಿಲ್ಲದ್ದನ್ನು ಮಾಡಿಬಿಟ್ಟರೆ? ತಪ್ಪು ಹಿಡಿಯುವುದು ಹೇಗೆ? ಅದೇ ಹೊತ್ತಿಗೆ ಸೋಲಾರ್ ಪಾರ್ಕಿಗೆ ಬಂದಿದ್ದ ಯಾರೋ ಇಂಜಿನಿಯರು ಯಜಮಾನರಿಗೆ ಒಂದು ಮಸಾಲೆ ಪೊಟ್ಟಣ ಕೊಟ್ಟಿದ್ದರು. ಮೇಲೆ ಟೆಕ್ಸ್-ಮೆಕ್ಸ್ ಎಂದಿತ್ತು. ಅತ್ತಮ್ಮ, "ಟ್ಯಾಕ್ಸಿನೋ ಮ್ಯಾಕ್ಸಿನೋ, ಯಾವುದ್ರಾಗ್ ಬಂತೋ" ಎಂದು ಮೂಸಿ ಪಕ್ಕಕ್ಕಿಟ್ಟಿದ್ದರು. ನಾನು ಫೋನಿನಲ್ಲಿ ಹುಡುಕಿದೆ. ಅಮೆರಿಕದ ಟೆಕ್ಸಾಸ್ ಎಂಬ ಸೀಮೆಗೂ ಮೆಕ್ಸಿಕೋ ದೇಶಕ್ಕೂ ಗಡಿ ಒಂದೇ. ಅಲ್ಲಿ ಇವರ ಅಡುಗೆ ಅವರು, ಅವರ ಅಡುಗೆ ಇವರು ಬೆರೆಸಿಕೊಂಡು ಮಾಡಿದ್ದಂತೆ. ಓಹೋ, ಅಮೆರಿಕದ ಪಾವಗಡ ಎಂದುಕೊಂಡೆ. ಧೈರ್ಯ ಬಂತು.

ರೊಟ್ಟಿಯೊಳಗೆ ಕೋಳಿ ಸುತ್ತಿ, ಕೆಂಪು ಗೊಜ್ಜು ಸುರಿದು, ಚೀಸು ಕರಗಿಸುವ ಒಂದು ತಿಂಡಿ ಕಣ್ಣಿಗೆ ಬಿತ್ತು. ಚೀಸು ಮಾತ್ರ ಸಿರಾದ ಬೇಕರಿಯಿಂದ ಬಂತು, ಉಳಿದದ್ದೆಲ್ಲ ಮನೆಯಲ್ಲಿತ್ತು. ಕೋಳಿ ಅಂಗಡಿಯ ಸಾಹೇಬರಿಗೆ ಮೂಳೆ ತೆಗೆದು ಕೊಡಿ ಎಂದದ್ದಕ್ಕೆ, "ಮನೇಲಿ ಯಾರಿಗಮ್ಮಾ ಹುಷಾರಿಲ್ಲ?" ಎಂದು ಕೇಳಿದರು. ಬರೀ ಮೆಕ್ಕೆಜೋಳದ ಹಿಟ್ಟಿನಲ್ಲಿ ಲಟ್ಟಿಸಿದ ಮೊದಲ ನಾಲ್ಕು ರೊಟ್ಟಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟವು. ಅವುಗಳನ್ನು ಯಾರಿಗೂ ಕಾಣದಂತೆ ಹಸುವಿಗೆ ಹಾಕಿ, ಮೈದಾ ಬೆರೆಸಿದೆ. ಬ್ಯಾಡಗಿ ಮೆಣಸಿನಕಾಯಿ ನೆನೆಸಿ, ಟೊಮ್ಯಾಟೊ, ಬೆಳ್ಳುಳ್ಳಿ, ಹುರಿದ ಜೀರಿಗೆ ಹಾಕಿ ರುಬ್ಬಿ, ಆ ಪೊಟ್ಟಣದ ಪುಡಿಯನ್ನೂ ಉದುರಿಸಿದೆ. ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತಮ್ಮ ಅಲ್ಲಿಂದಲೇ, "ಜೀರ್ಗೆ ಜಾಸ್ತಿ ಆಯ್ತು" ಎಂದರು. ಸ್ವಲ್ಪ ಹೊತ್ತಿಗೆ, "ಮೂಳೆ ವಾಸ್ನೇನೇ ಇಲ್ವಲ್ಲ, ಅದೇನ್ ಕೋಳೀನೋ ಬದ್ನೆಕಾಯೋ?" ಕೋಳಿ ಬೇಯಿಸಿ ಎಳೆ ಎಳೆ ಬಿಡಿಸಿದೆ, ಸುತ್ತಿದೆ, ಬಾಣಲೆಯಲ್ಲಿ ಜೋಡಿಸಿ ಸಣ್ಣ ಉರಿಗಿಟ್ಟೆ. ಉಪ್ಪು? ನೋಡಲಿಲ್ಲ. ಹಠ ಎಂದರೆ ಹಠ.

ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ನಾಗಲಮಡಿಕೆಯಿಂದ ಅತ್ತಮ್ಮನ ತಮ್ಮ ನಾರಾಯಣಮಾವ ಅಕ್ಕನ ಕೈ ನೋಡಲು ಬಂದರು. ಅಕ್ಕನ ಕೋಳಿಸಾರಿನ ಆಸೆಯೂ ಇತ್ತೆನ್ನಿ. ಎಲ್ಲರೂ ಚಾಪೆಯ ಮೇಲೆ ಕೂತರು. ಬಡಿಸಿದೆ. ಮಾವ ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಏಮಮ್ಮಾ ಇದಿ? ಏನ್ ಹೆಸ್ರು ಇದ್ಕೆ?" ಎಂದರು.

ನಾನು ಹೆಮ್ಮೆಯಿಂದ, ಎಲ್ಲರಿಗೂ ಕೇಳುವ ಹಾಗೆ, "ಎಂಚಿಲಾಡ" ಎಂದೆ.

ಅತ್ತಮ್ಮನ ಚಮಚ ನಿಂತಿತು. "ಏನಂದೆ?"

"ಎಂಚಿಲಾಡ, ಅತ್ತಮ್ಮ."

"ಎಂಜ್ಲಾದ...?"

ಆ ಕ್ಷಣದಲ್ಲಿ ನನ್ನ ಕಿವಿಗೂ ಅದು ಹಾಗೆಯೇ ಕೇಳಿಸಿತು. ಅಯ್ಯಯ್ಯೋ! ಕನ್ನಡದಲ್ಲಿ ಎಂಜಲು, ತೆಲುಗಿನಲ್ಲಿ ಎಂಗಿಲಿ. ಯಾವ ಕಡೆಯಿಂದಲೂ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆರು ವರ್ಷದ ಹಿಂದಿನ ಸೌಟಿನ ಸೇಡನ್ನು ನಾನು ಈಗ, ಅವರ ಕೈ ಕಟ್ಟಿದ ಹೊತ್ತು ನೋಡಿ, ತಮ್ಮನ ಮುಂದೆಯೇ ತೀರಿಸಿಕೊಳ್ಳುತ್ತಿದ್ದೇನೆ ಎಂದು ಅತ್ತಮ್ಮ ತಿಳಿದರು. ಯಜಮಾನರು ಇಂಗು ತಿಂದ ಮಂಗನ ಹಾಗೆ ಕೂತಿದ್ದವರು ಕೊನೆಗೆ, "ಅಮ್ಮ, ಅದು ಬೇರೆ ದೇಶದ ಹೆಸ್ರು ಕಣಮ್ಮ, ಬೇಕಾದ್ರೆ ಕೇಳು" ಎಂದು ಫೋನು ತೆಗೆದು ಒತ್ತಿದರು. ಫೋನಿನೊಳಗಿನ ಹೆಂಗಸು ನನಗಿಂತ ಸ್ಪಷ್ಟವಾಗಿ, ರಾಗವಾಗಿ, ಅದನ್ನೇ ಹೇಳಿದಳು.

"ನೋಡ್ಲಾ, ಆವಮ್ಮನೂ ಅದ್ನೇ ಅಂತಾಳೆ!" ಅತ್ತಮ್ಮ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದರು.

ನಾರಾಯಣಮಾವ ಒಬ್ಬರೇ ನೆಮ್ಮದಿಯಾಗಿದ್ದರು. "ಎಂಗಿಲಿ ಅಯಿತೇ ಏಮಿ, ಬಾಗುಂದಿ, ಸಂದಾಗೈತೆ" ಎಂದು ಮೂರನೆಯದಕ್ಕೆ ಕೈ ಹಾಕಿದರು.

ನಾನು ಅತ್ತಮ್ಮನ ತಟ್ಟೆ ಹಿಡಿದು ಹಿಂದೆಯೇ ಹೋದೆ. ಅವರು ನುಗ್ಗೆಮರದ ಕೆಳಗೆ ಒಗೆಯುವ ಕಲ್ಲಿನ ಮೇಲೆ ಬೆಟ್ಟದ ಕಡೆ ಮುಖ ಮಾಡಿಕೊಂಡು ಕೂತಿದ್ದರು. ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ದೇವರಾಣೆಗೂ ಬೇಕಂತ ಅನ್ಲಿಲ್ಲ ಅತ್ತಮ್ಮ. ಅದರ ಹೆಸರೇ ಹಂಗೆ."

"ಪ್ರಪಂಚದಾಗೆ ಬೇರೆ ಹೆಸ್ರಿಂದು ಸಿಗ್ಲಿಲ್ವಾ ನಿಂಗೆ? ನನ್ ತಮ್ಮನ ಮುಂದೆ ಎಂಜ್ಲು ತಿನ್ನು ಅಂತ ತಟ್ಟೆ ಮಡಗ್ತೀಯಾ?"

"ಎಂಜಲಾಗೋಕೆ ಯಾರಾದ್ರೂ ಬಾಯಿಗಿಡಬೇಕಲ್ಲ! ಆರು ವರ್ಷದಿಂದ ಈ ಮನೇಲಿ ನಾನು ಒಂದು ಹನಿ ಸಾರು ರುಚಿ ನೋಡಿಲ್ಲ. ನಿಮಗೆ ಅಸಹ್ಯ ಆಗಬಾರದು ಅಂತ. ಇವತ್ತೂ ನೋಡಿಲ್ಲ."

ಅತ್ತಮ್ಮ ನನ್ನ ಕಡೆ ತಿರುಗಿದರು. "ನೋಡೇ ಇಲ್ವಾ?"

"ಇಲ್ಲ."

"ಒಂದ್ ದಿನಾನೂ?"

"ಇಲ್ಲ."

"ಅಯ್ಯೋ ದೇವ್ಡಾ! ಅದ್ಕೇನಾ ತಾಯಿ, ವಾರದಾಗೆ ಆರ್ ದಿನ ನಾವು ಇಂಗ್ ಉಣ್ತಿರಾದು! ನಾನು ನಿಂಗೆ ಕೈರುಚೀನೇ ಇಲ್ವೇನೋ ಅಂದ್ಕಂಡಿದ್ದೆ. ಸೌಟು ನೆಕ್ಬ್ಯಾಡ ಅಂದ್ರೆ ಅಂಗೈಗೂ ಹಾಕ್ಕಂಡ್ ನೋಡ್ಬ್ಯಾಡ ಅಂತ ಯಾರಂದ್ರು ನಿಂಗೆ?"

ಯಾರೂ ಅಂದಿರಲಿಲ್ಲ. ಆರು ವರ್ಷದ ಹಠ ಬರೀ ನನ್ನದೇ ಎಂದು ಆಗ ತಿಳಿಯಿತು.

"ಈಗ ನೋಡು. ನನ್ ಮುಂದೇನೇ ನೋಡು" ಎಂದರು. ತಟ್ಟೆಯಲ್ಲಿ ಮೂರು ಸುರುಳಿ ಇದ್ದವು. ಒಂದನ್ನು ಎತ್ತಿ ಸಿಟ್ಟಿನಲ್ಲೇ ಅರ್ಧ ಕಚ್ಚಿ, ಉಳಿದರ್ಧ ತಟ್ಟೆಗಿಟ್ಟೆ. ಅಗಿದೆ. "ಉಪ್ಪು ಕಮ್ಮಿ" ಎಂದೆ.

"ಅದು ಒಲೆ ಮ್ಯಾಗಿದ್ದಾಗ್ಲೇ ನಂಗೊತ್ತಿತ್ತು. ಹೋಗು, ಉಪ್ಪು ತಗಂಬಾ."

ಉಪ್ಪು ತಂದು ನೋಡಿದರೆ ತಟ್ಟೆಯಲ್ಲಿ ಎರಡು ಇಡಿಯ ಸುರುಳಿಗಳಿದ್ದವು. ನಾನು ಕಚ್ಚಿಟ್ಟ ಅರ್ಧ ಇರಲಿಲ್ಲ. ಅತ್ತಮ್ಮ ಪಕ್ಕದ ಮನೆಯ ಕಾಂಪೌಂಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಇಲ್ಲೊಂದು ಅರ್ಧ ಇತ್ತಲ್ಲ ಅತ್ತಮ್ಮ?"

"ಕಾಗೆ ಎತ್ಕಂಡೋಯ್ತು."

ಎರಡು ಇಡೀ ಇರುವಾಗ ಎಂಜಲಾದ ಅರ್ಧವನ್ನೇ ಹುಡುಕಿ ಎತ್ತಿಕೊಂಡು ಹೋದ ಕಾಗೆ! ಅತ್ತಮ್ಮನ ತುಟಿಯ ಕೊನೆಯಲ್ಲಿ ಕೆಂಪು ಗೊಜ್ಜಿತ್ತು. ಕೈಕಟ್ಟಿನ ಮೇಲೆ ಚೀಸಿನ ಎಳೆಯೊಂದು ಅಂಟಿತ್ತು. ಉಳಿದೆರಡರ ಮೇಲೆ ಉಪ್ಪು ಉದುರಿಸಿ ಕೊಟ್ಟೆ, ತಿಂದರು. ಮುಖ ಸಿಂಡರಿಸಲಿಲ್ಲ. ಜೀರಿಗೆ ಜಾಸ್ತಿಯಾಯಿತೆಂದು ಮಾತ್ರ ಎರಡು ಸಲ ಹೇಳಿದರು.

ಆಮೇಲೆ ಅದು ನಮ್ಮ ಮನೆಯ ಅಡುಗೆಯಾಯಿತು. ಕಟ್ಟು ಬಿಚ್ಚಿದ ಮೇಲೆ ಅತ್ತಮ್ಮ ತಾವೇ ಕಲಿತರು, ಜೀರಿಗೆ ಕಡಿಮೆ ಮಾಡಿದರು, ಮೂಳೆ ಸಮೇತ ಒಮ್ಮೆ ಸುತ್ತಿ ಎಲ್ಲರ ಹಲ್ಲು ಪರೀಕ್ಷಿಸಿದರು. ಹೆಸರನ್ನು ಮಾತ್ರ ತಿದ್ದಲು ಬಿಡಲಿಲ್ಲ. ಒಂದು ಭಾನುವಾರ ಅವರು, ಒಂದು ಭಾನುವಾರ ನಾನು. ಅವರ ಸರದಿಯಲ್ಲೂ ಒಂದು ಹನಿ ಎತ್ತರದಿಂದ ನನ್ನ ಅಂಗೈಗೆ ಬೀಳುತ್ತಿತ್ತು: "ಉಪ್ಪು ನೋಡು." ಅದು ಬರೀ ಮರ್ಯಾದೆಗೆ. ಅವರ ಮೂಗಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು.

ಈ ಚಳಿಗಾಲದಲ್ಲಿ ಕೆಟ್ಟ ನೆಗಡಿಯಾದ ಮೇಲೆ ಆ ಮೂಗು ಕೈಕೊಟ್ಟಿದೆ. ಅತ್ತಮ್ಮ ಯಾರಿಗೂ ಹೇಳಿಲ್ಲ. ಆದರೆ ಮೊನ್ನೆ ಬಾಣಲೆಯಲ್ಲಿ ಈರುಳ್ಳಿ ಸೀದು ಹೊಗೆ ಎದ್ದರೂ ಅದರ ಮುಂದೆಯೇ ನಿಂತು ಏನೂ ಆಗದವರಂತೆ ಕೊತ್ತಂಬರಿ ಬಿಡಿಸುತ್ತಿದ್ದರು. ನೋಡಿ ನನಗೆ ಸಂಕಟವಾಯಿತು. ಸುಮ್ಮನೆ ಒಲೆ ಆರಿಸಿದೆ.

ಇವತ್ತು ಅವರ ಸರದಿ. ಚೀಟಿಯ ಪ್ರಕಾರ ಎಲ್ಲ ತಂದುಕೊಟ್ಟೆ. ಈಗ ತಾನೆ ಅಡುಗೆಮನೆಯಿಂದ ಕರೆದರು. ಕೆಂಪು ಗೊಜ್ಜನ್ನು ಸೌಟಿನಲ್ಲಿ ಎತ್ತಿ, ಊದಿ ಆರಿಸುತ್ತ ನಿಂತಿದ್ದರು. ನಾನು ರೂಢಿಯಂತೆ ಅಂಗೈ ಚಾಚಿದೆ. ಅವರು ನನ್ನ ಕೈ ಸರಿಸಿ, ಸೌಟನ್ನು ನೇರವಾಗಿ ಬಾಯಿಗೇ ಹಿಡಿದರು.

"ಸರ್ಯಾಗ್ ನೋಡೇಳು. ನಂಗೀಗ ಗೊತ್ತಾಗಕಿಲ್ಲ."

ನೋಡಿದೆ. "ಸರಿಯಾಗಿದೆ ಅತ್ತಮ್ಮ."

ಅತ್ತಮ್ಮ ಅದೇ ಸೌಟನ್ನು ಬಾಣಲೆಗೆ ಇಳಿಸಿ ತಿರುವತೊಡಗಿದರು. ನಾನು ನೋಡುತ್ತಲೇ ನಿಂತೆ. ಬಾಯಿ ತಡೆಯಲಿಲ್ಲ.

"ಅತ್ತಮ್ಮ, ಸೌಟು ತೊಳೀಲಿಲ್ಲ."

ಅವರು ತಿರುಗಿಯೂ ನೋಡಲಿಲ್ಲ.

"ಯಾಕ್ ತೊಳೀಬೇಕು? ಕಾಗೆ ಏನಾರ ಮುಟ್ತಾ?"