ಗುಡಿಸಿದ ದಾರಿ

ಶರತ್ಕಾಲ ಬಂತೆಂದರೆ ಜಪಾನಿನ ಹಿನೋಕುಬೊ ಹಳ್ಳಿಯಲ್ಲಿ ಬೆಳಗಾಗುವುದೇ ಪೊರಕೆಯ ಸದ್ದಿನಿಂದ. ಎಲ್ಲ ಮನೆಗಳ ಗಂಡಸರೂ ಅಂಗಳದ ಎಲೆ ಗುಡಿಸಿ, ನೀರು ಚಿಮುಕಿಸಿ, ಆಮೇಲೆ ಚಹಾ ಕುಡಿಯುತ್ತಾರೆ. ಕುರಾಶಿನಾ ತೋಕುಜಿಯ ಮನೆಯಲ್ಲಿ ಮಾತ್ರ ಆ ಕೆಲಸ ಅವನ ಹೆಂಡತಿ ಸುಮಿಯೆಯದು. ಅರವತ್ತಮೂರು ವರ್ಷದ ಗಟ್ಟಿಮುಟ್ಟಾದ ಗಂಡಸು ಜಗಲಿಯ ಮೇಲೆ ಕುಳಿತು ಹೆಂಡತಿ ಗುಡಿಸುವುದನ್ನು ನೋಡುತ್ತಿರುತ್ತಾನಲ್ಲ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ತೋಕುಜಿಯನ್ನು ಹಟಮಾರಿ ಅನ್ನಿ, ಮಾತು ಬಾರದವನು ಅನ್ನಿ, ಒಪ್ಪಬಹುದು. ಸೋಮಾರಿ ಎಂದರೆ ಮಾತ್ರ ಅದು ಶುದ್ಧ ಸುಳ್ಳು. ನಾಲ್ಕು ವರ್ಷದಿಂದ ಅವನು ಪೊರಕೆ ಮುಟ್ಟಿಲ್ಲ, ಅಷ್ಟೇ. ಏಕೆಂದು ಯಾರಿಗೂ ಹೇಳಿಲ್ಲ.

ಇಪ್ಪತ್ತೆಂಟು ವರ್ಷ ಅವನು ಕಾಡಿನಲ್ಲಿ ದುಡಿದವನು. ಕಡಿದ ಮರಗಳನ್ನು ಉಕ್ಕಿನ ಹಗ್ಗಕ್ಕೆ ತೂಗುಹಾಕಿ ಬೆಟ್ಟದ ಮೇಲಿಂದ ಕಣಿವೆಗೆ ಇಳಿಸುವುದು ಅವನ ಕೆಲಸವಾಗಿತ್ತು. ಹೊರದೇಶದ ಮರ ಅಗ್ಗವಾಗಿ ಬರತೊಡಗಿದ ಮೇಲೆ ಆ ಕೆಲಸ ನಿಂತಿತು. ಉಳಿದವರು ಪೇಟೆಯ ಕಾರ್ಖಾನೆ ಸೇರಿದರು. ತೋಕುಜಿಗೆ ಛಾವಣಿಯ ಕೆಳಗೆ ಕೆಲಸ ಮಾಡಿ ಅಭ್ಯಾಸವಿಲ್ಲ. ಕುಡುಗೋಲು, ಗರಗಸ ಹಿಡಿದು ಬೆಟ್ಟಕ್ಕೇ ಹೋದ. ಅಜ್ಜನ ಕಾಲದಲ್ಲಿ ಹೇರುಕುದುರೆಗಳು ಉಪ್ಪು ಹೊತ್ತು ಕಣಿವೆಯ ಆಚೆಗೆ ದಾಟುತ್ತಿದ್ದ ದಾರಿಯೊಂದು ಬಿದಿರು ಪೊದೆಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಬೆಟ್ಟದ ಒಡೆಯರ ಮನೆಮನೆಗೆ ಒಂದೊಂದು ಪೊಟ್ಟಣ ಸಿಹಿ ಹಿಡಿದು ಹೋಗಿ, ಬಾಗಿಲಲ್ಲಿ ಮಂಡಿಯೂರಿ ಒಪ್ಪಿಗೆ ಕೇಳಿದ. ಏಳು ವರ್ಷ ಒಬ್ಬನೇ ಸವರಿ ಆ ದಾರಿಯನ್ನು ಮತ್ತೆ ತೆರೆದ. ಬೆಟ್ಟದ ಸೈಕಲ್ ಓಡಿಸುವವರಿಗೆ ಅದು ಹೇಳಿ ಮಾಡಿಸಿದ ದಾರಿ. ಜನ ಹುಡುಕಿಕೊಂಡು ಬರತೊಡಗಿದರು. ಸುಮಿಯೆ ಮನೆಯ ಎರಡು ಕೋಣೆಗಳನ್ನು ಅವರಿಗೆಂದೇ ಅಣಿಮಾಡಿದಳು.

ಬರುವವರಲ್ಲಿ ಹೆಚ್ಚಿನವರು ಹೊರದೇಶದವರು. ಎಲ್ಲೋ ಕ್ಯೋಟೊದಲ್ಲಿ ಗುಡಿ ನೋಡುತ್ತಾ ತಿರುಗುತ್ತಿರುವಾಗ ಸುದ್ದಿ ತಿಳಿದು ಫೋನು ಮಾಡುತ್ತಾರೆ. ಎರಡು ದಿನ ಬಿಡುವಿದೆ, ಬೆಟ್ಟ ಹತ್ತಿ ಇಳಿಯಬೇಕು, ಹೇಗೆ ಬರುವುದು, ಎಷ್ಟು ಗಂಟೆ ಬೇಕು ಎಂದು ಕೇಳುತ್ತಾರೆ. ಬೆಟ್ಟವೂ ರೈಲಿನಂತೆ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ ಎಂದು ಅವರ ನಂಬಿಕೆ. ತೋಕುಜಿ ಯಾರಿಗೂ ಫೋನಿನಲ್ಲಿ ಯೋಜನೆ ಹಾಕಿಕೊಟ್ಟವನಲ್ಲ. ಬಂದವರನ್ನು ಎದುರು ಕೂರಿಸಿಕೊಂಡು, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದಿರಿ, ಯಾವ ಕೈ ಬ್ರೇಕ್ ಹೆಚ್ಚು ಹಿಡಿಯುತ್ತೀರಿ ಎಂದು ಕೇಳಿ, ಸೂರ್ಯ ಮುಳುಗುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಹೊರಡುವ ಹೊತ್ತು ಹೇಳುತ್ತಿದ್ದ. ಅವನ ಎಣಿಕೆ ತಪ್ಪಿದ್ದು ಕಡಿಮೆ.

ನಾಲ್ಕು ವರ್ಷದ ಹಿಂದೆ, ನವೆಂಬರಿನಲ್ಲಿ, ತೈವಾನಿನಿಂದ ಆರು ಮಂದಿ ಯುವಕರು ಬರುವುದಾಗಿ ಗೊತ್ತಾಯಿತು. ತೈವಾನ್ ಎಂದರೆ ಸೈಕಲ್ ಕಟ್ಟುವವರ ನಾಡು. ತೋಕುಜಿ ತುಳಿಯುತ್ತಿದ್ದ ಸೈಕಲ್ಲೂ ಅಲ್ಲಿಯದೇ. ಅಂಥವರು ತನ್ನ ದಾರಿ ನೋಡಲು ಬರುತ್ತಾರೆಂದು ಅವನಿಗೆ ಹಿಡಿಸಲಾರದಷ್ಟು ಹಿಗ್ಗು. ನೆಂಟರು ಬರುವ ಮುಂಚೆ ಅಂಗಳ ಗುಡಿಸದೆ ಇರುವವರು ಆ ಊರಲ್ಲಿ ಯಾರೂ ಇಲ್ಲ. ತೋಕುಜಿ ಅಂಗಳದಲ್ಲಿ ನಿಲ್ಲಿಸಲಿಲ್ಲ. ಹಿಂದಿನ ದಿನವೇ ಪೊರಕೆ ಹೊತ್ತು ಬೆಟ್ಟ ಹತ್ತಿದ. ಬೆಟ್ಟದ ನೆತ್ತಿಯಿಂದ ಇಳಿಯುವ ನೇರ ದಾರಿಯ ಮೇಲೆ ಗೇಣೆತ್ತರ ಎಲೆ ಬಿದ್ದಿತ್ತು. ಅಷ್ಟನ್ನೂ, ಮುನ್ನೂರು ಹೆಜ್ಜೆಯಷ್ಟು ಉದ್ದಕ್ಕೆ, ಹಳ್ಳದ ಮೇಲಿನ ತಿರುವಿನವರೆಗೆ, ಮಣ್ಣಿನ ಮೇಲೆ ಪೊರಕೆಯ ಗೆರೆ ಮೂಡುವಂತೆ ಗುಡಿಸಿದ.

ಎಲೆ ಇದ್ದಾಗ ಸವಾರರು ಅಲ್ಲಿ ಹೆದರಿಕೊಂಡೇ ಇಳಿಯುತ್ತಿದ್ದರು. ಅಡಿಯಲ್ಲಿ ಕಲ್ಲಿದೆಯೋ ಬೇರಿದೆಯೋ ಕಾಣದು, ಹಾಗಾಗಿ ಬ್ರೇಕಿನಿಂದ ಬೆರಳು ತೆಗೆಯುತ್ತಿರಲಿಲ್ಲ. ಆ ದಿನ ಮುಂದೆ ಹೊರಟವನು ಇಪ್ಪತ್ತಾರು ವರ್ಷದ ಕುವಾನ್. ಅವನ ಕಣ್ಣಿಗೆ ಕಂಡದ್ದು ಚೊಕ್ಕವಾದ ನೇರ ದಾರಿ. ಸಂತೋಷದಿಂದ ಒಮ್ಮೆ ಕೂಗಿ, ಬ್ರೇಕ್ ಬಿಟ್ಟ. ಹಿಂದೆಯೇ ಬರುತ್ತಿದ್ದ ತೋಕುಜಿ ತಿರುವಿನಲ್ಲಿ ಆ ಸೈಕಲ್ ದಾರಿ ಬಿಟ್ಟು ಗಾಳಿಗೆ ಹೋದದ್ದನ್ನು ನೋಡಿದ. ಹಳ್ಳದ ಬಂಡೆಗಳ ಮೇಲೆ ಬಿದ್ದ ಕುವಾನ್ ಅಂದು ಸಂಜೆ ಆಸ್ಪತ್ರೆಯಲ್ಲಿ ತೀರಿಕೊಂಡ.

ಪೊಲೀಸರು ಬಂದು ಅಳೆದರು, ಬರೆದುಕೊಂಡರು. ದಾರಿ ಹೇಗಿತ್ತು ಎಂದು ಕೇಳಿದರು. ಚೊಕ್ಕಟವಾಗಿತ್ತು ಎಂದು ಎಲ್ಲರೂ ಹೇಳಿದರು. ಚೊಕ್ಕಟವಾಗಿರುವುದೂ ಒಂದು ತಪ್ಪಾಗಬಹುದೆಂದು ಆ ಊರಲ್ಲಿ ಯಾರಿಗೆ ಹೊಳೆದೀತು? ತೋಕುಜಿಗೆ ಮಾತ್ರ ಹೊಳೆದಿತ್ತು. ಮೂರನೆಯ ದಿನ ಹುಡುಗನ ತಂದೆತಾಯಿ ಬಂದಾಗ ಊರಿಗೆ ಊರೇ ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿ ನಿಂತು, ಸೊಂಟ ಬಾಗಿಸಿ, ಕ್ಷಮಿಸಿ ಎಂದಿತು. ಊರ ಹಿರಿಯ, ಅಂಚೆಯವನು, ಆ ದಿನ ಬೆಟ್ಟದ ಕಡೆ ತಲೆಯನ್ನೂ ಹಾಕದಿದ್ದ ಮುದುಕಿಯರು ಸಹ ಕ್ಷಮೆ ಕೇಳಿದರು. ಅಲ್ಲಿನ ರೂಢಿಯೇ ಹಾಗೆ. ತೋಕುಜಿಯೂ ಬಾಗಿದ, ಕ್ಷಮಿಸಿ ಎಂದ. ಎಲ್ಲರ ಕ್ಷಮೆಯ ನಡುವೆ ಅವನದೂ ಒಂದಾಗಿ ಹೋಯಿತು. ನಿಜವಾಗಿ ಕೇಳಬೇಕಾಗಿದ್ದವನು ತಾನೊಬ್ಬನೇ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಹುಡುಗನ ತಂದೆ ಯಾರ ಮುಖವನ್ನೂ ನೋಡದೆ, ಮುರಿದ ಸೈಕಲ್ಲಿನ ತುಂಡುಗಳನ್ನು ಕೇಳಿ ಪಡೆದು, ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಆಮೇಲೆ ತೋಕುಜಿ ಆ ಇಳಿಜಾರಿಗೆ ಅಡ್ಡ ಮರ ಹಾಕಿದ. ಬಂದವರನ್ನು ಬೇರೆ ದಾರಿಯಲ್ಲಿ ಕರೆದೊಯ್ಯುತ್ತಿದ್ದ. ಸುಮಿಯೆ ಏನನ್ನೂ ಕೇಳಲಿಲ್ಲ. ಒಮ್ಮೆ ಮಾತ್ರ, ಪೊರಕೆಯನ್ನು ಗೋಡೆಗೆ ಒರಗಿಸುತ್ತಾ, "ನಾನು ಸತ್ಮೇಲೆ ಈ ಮನೆ ಎಲೆಯೊಳಗೇ ಹೂತೋಗ್ತದೆ, ಅಲ್ವೇನ್ರೀ?" ಎಂದಳು.

ಈ ನವೆಂಬರಿನಲ್ಲಿ, ಒಂದು ಮಧ್ಯಾಹ್ನ, ಬಸ್ಸಿನಿಂದ ಒಬ್ಬಳೇ ಹೆಂಗಸು ಇಳಿದಳು. ಅರವತ್ತರ ಆಸುಪಾಸು, ಕತ್ತರಿಸಿದ ನರೆಗೂದಲು, ಬೆನ್ನಿಗೆ ಚೀಲ, ಕೈಯಲ್ಲಿ ಬಿಚ್ಚಿ ಕಟ್ಟಿದ ಸೈಕಲ್ಲಿನ ದೊಡ್ಡ ಗಂಟು. ಶಿಯಾವ್ ಯೂಲಾನ್ ಎಂಬ ಹೆಸರಿನಲ್ಲಿ ಕೋಣೆ ಹೇಳಿಟ್ಟಿದ್ದಳು. ತೈವಾನಿನ ಗೆಳತಿಯರ ಜೊತೆ ಜಪಾನ್ ಸುತ್ತಲು ಬಂದವಳು, ಅವರನ್ನು ಬಿಸಿನೀರ ಬುಗ್ಗೆಯ ಊರಿನಲ್ಲಿ ಬಿಟ್ಟು ತಾನು ಇಲ್ಲಿಗೆ ಬಂದಿದ್ದಳು. ಜಪಾನಿ ಗಿರಾಕಿಗಳ ಜೊತೆ ಮೂವತ್ತು ವರ್ಷ ಕಚೇರಿಯಲ್ಲಿ ವ್ಯವಹರಿಸಿದ್ದರಿಂದ ಆ ಭಾಷೆ ಚೆನ್ನಾಗಿ ಬರುತ್ತಿತ್ತು. ಸುಮಿಯೆ ಚಹಾ, ಉಪ್ಪಿನಲ್ಲಿ ನೆನೆಸಿದ ಸೊಪ್ಪು ತಂದಿಟ್ಟಳು. ಯೂಲಾನ್ ಚಹಾ ಮುಟ್ಟದೆ, ಎದುರು ಕುಳಿತ ತೋಕುಜಿಗೆ ತಲೆಬಾಗಿದಳು.

"ಕುರಾಶಿನಾ ಅವರೇ, ನಾನು ಕುವಾನ್ ತಾಯಿ. ಅವನು ಕೊನೇ ಸಲ ಇಳಿದ ದಾರೀಲಿ ನಾನೂ ಒಂದ್ಸಲ ಇಳೀಬೇಕು. ಅದಕ್ಕೇಂತ ಸೈಕಲ್ ಕಲ್ತಿದೀನಿ. ನೀವು ಯೋಜನೆ ಹಾಕ್ಕೊಡ್ಬೇಕು."

ಆಸ್ಪತ್ರೆಯ ಅಂಗಳದಲ್ಲಿ ಈ ಹೆಂಗಸಿನ ಮುಖ ಕರವಸ್ತ್ರದ ಹಿಂದಿತ್ತು, ಹಾಗಾಗಿ ಗಂಡಹೆಂಡತಿ ಇಬ್ಬರಿಗೂ ಗುರುತು ಸಿಕ್ಕಿರಲಿಲ್ಲ. ತೋಕುಜಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮಾಡಿ ರೂಢಿಯಿದ್ದ ಕೆಲಸವನ್ನು ಕೈ ತಾನೇ ಮಾಡತೊಡಗಿತು. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ಪೆನ್ಸಿಲ್ ಹಿಡಿದು, ನಿದ್ದೆ ಹೇಗೆ, ಮೊಣಕಾಲು ಹೇಗೆ, ಯಾವ ಕೈ ಬ್ರೇಕ್ ಹಿಡಿಯುವುದು ಎಂದು ಕೇಳಿದ. ಮೂರು ವರ್ಷ ತೈಚುಂಗ್ ಊರಿನ ಹಿಂದಿನ ಗುಡ್ಡಗಳಲ್ಲಿ ಬಿದ್ದು ಎದ್ದು ಕಲಿತೆನೆಂದೂ, ಒಮ್ಮೆ ಹೆಗಲ ಮೂಳೆ ಮುರಿಯಿತೆಂದೂ, ಎಂಬತ್ತರ ಅತ್ತೆ ತನಗೆ ಹುಚ್ಚು ಹಿಡಿದಿದೆ ಎಂದು ಬೀದಿಗೆಲ್ಲ ಸಾರಿಕೊಂಡು ಬಂದರೆಂದೂ ಅವಳು ಹೇಳಿದಳು. ನಾಡಿದ್ದು ಬೆಳಗ್ಗೆ ಏಳಕ್ಕೆ ಹೊರಡುವುದು, ಹತ್ತೂವರೆಗೆ ನೆತ್ತಿ, ಅಲ್ಲಿ ಊಟ ಎಂದು ತೋಕುಜಿ ಗೆರೆ ಎಳೆಯುತ್ತಾ ಬಂದ. ಇಳಿಯುವ ಗೆರೆ ಎಳೆಯುವಾಗ ಅವಳು ಕೇಳಿದಳು.

"ದಾರೀಲಿ ಎಲೆ ಇರುತ್ತಾ?"

ಪೆನ್ಸಿಲ್ ನಿಂತಿತು. ಇರುತ್ತದೆ ಎಂದು ತೋಕುಜಿ ಹೇಳಿದ. ಮಾತು ಬೇರೆ ಕಡೆಗೆ ಹೋಗಲಿ ಎಂದು, ಯಜಮಾನರು ಯಾಕೆ ಬರಲಿಲ್ಲ ಎಂದು ಕೇಳಿದ. ಅದನ್ನು ಕೇಳದೆ ಇದ್ದಿದ್ದರೆ ನಾಡಿದ್ದು ಬೆಟ್ಟ ಹತ್ತಿ ಇಳಿದು, ಅವಳನ್ನು ಬಸ್ಸು ಹತ್ತಿಸಿ, ಬಾಗಿ ಕೈಬೀಸಿ, ಸಾಯುವವರೆಗೂ ಅವನು ಸುಮ್ಮನಿದ್ದುಬಿಡುತ್ತಿದ್ದನೋ ಏನೋ.

ಯೂಲಾನ್ ಹೇಳಿದಳು. ಅವಳ ಗಂಡ ಲಿಯಾವ್ ಸೈಕಲ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವನು. ಮೂವತ್ತೈದು ವರ್ಷದ ಕೈ. ಅವನ ಬೆಸುಗೆಯನ್ನು ನೋಡಿ ಕಲಿಯಿರೆಂದು ಹೊಸಬರನ್ನು ಅವನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಕುವಾನ್ ತಂದಿದ್ದ ಸೈಕಲ್ಲಿನ ಚೌಕಟ್ಟನ್ನು ಮಗನ ಹುಟ್ಟುಹಬ್ಬಕ್ಕೆಂದು ಅವನೇ ಬೆಸೆದು ಕೊಟ್ಟಿದ್ದ. ಮನೆಗೆ ತಂದ ತುಂಡುಗಳನ್ನು ಜೋಡಿಸಿ ನೋಡಿದಾಗ, ಮುರಿದದ್ದು ಬೆಸುಗೆಯ ಜಾಗದಲ್ಲೇ ಎಂದು ಕಂಡಿತು. ತನ್ನ ಬೆಸುಗೆ ದಾರಿಯಲ್ಲಿ ಬಿಟ್ಟುಕೊಂಡದ್ದರಿಂದಲೇ ಮಗ ಬಿದ್ದ ಎಂದು ಅವನು ತೀರ್ಮಾನಿಸಿಬಿಟ್ಟ. ಮರುವಾರವೇ ಕೆಲಸ ಬಿಟ್ಟ. ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಚಾಪ್‌ಸ್ಟಿಕ್ ಹಿಡಿಯೋಕೂ ಆ ಕೈ ನಡುಗತ್ತೆ ಈಗ. ಮಗನ ಫೋಟೋ ಮುಂದೆ ಊದುಬತ್ತಿ ಹಚ್ಚೋದೂ ನಾನೇ. ಅವರು ಆ ಕೋಣೆಗೇ ಬರಲ್ಲ," ಎಂದಳು ಯೂಲಾನ್.

ನಾಲ್ಕು ವರ್ಷ ತಾನು ಬಾಯಿ ಮುಚ್ಚಿಕೊಂಡದ್ದು ತನ್ನೊಬ್ಬನ ಸಂಕಟ ಎಂದು ತೋಕುಜಿ ತಿಳಿದಿದ್ದ. ಕಡಲಾಚೆ ಒಬ್ಬ ತಂದೆ ಅದರ ಹೊರೆಯನ್ನು ತನ್ನ ತಲೆಯ ಮೇಲೆ ಹೊತ್ತು ಕುಳಿತಿರುವನೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವನು ಮೇಜಿನ ಬಳಿಯಿಂದ ಹಿಂದಕ್ಕೆ ಸರಿದು, ಚಾಪೆಯ ಮೇಲೆ ಎರಡೂ ಅಂಗೈ ಊರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದ.

"ಬೆಸುಗೆ ಬಿಟ್ಟಿರ್ಲಿಲ್ಲ. ನಾನು ಹಿಂದೇನೇ ಇದ್ದೆ, ನೋಡಿದೀನಿ. ಸೈಕಲ್ಲು ದಾರಿ ಬಿಟ್ಟಾಗ ಇಡಿಯಾಗೇ ಇತ್ತು. ಮುರಿದಿದ್ದು ಕೆಳಗೆ, ಬಂಡೆ ಮೇಲೆ. ಅವನು ಜೋರಾಗಿ ಹೋಗಿದ್ದು ನನ್ನಿಂದ. ಹಿಂದಿನ ದಿನ ಆ ದಾರಿ ಗುಡಿಸಿದ್ದು ನಾನು."

ಯೂಲಾನ್‌ಗೆ ಮೊದಲು ಅರ್ಥವಾಗಲಿಲ್ಲ. ಗುಡಿಸಿದರೆ ಏನಾಯಿತು ಎಂದಳು. ತೋಕುಜಿ ತಲೆಯೆತ್ತದೆ ಎಲ್ಲವನ್ನೂ ಹೇಳಿದ. ಎಲೆಯ ಎತ್ತರ, ಮುನ್ನೂರು ಹೆಜ್ಜೆ, ಪೊರಕೆಯ ಗೆರೆ, ಹುಡುಗನ ಕೂಗು, ಒಂದನ್ನೂ ಬಿಡಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಎಲ್ಲರ ಜೊತೆ ಸೇರಿ ಬಾಗಿ ತಪ್ಪಿಸಿಕೊಂಡದ್ದನ್ನೂ ಹೇಳಿದ. ಬಾಗಿಲಲ್ಲಿ ನಿಂತಿದ್ದ ಸುಮಿಯೆ ಸದ್ದಿಲ್ಲದೆ ಬಂದು ಗಂಡನ ಪಕ್ಕದಲ್ಲಿ ಕುಳಿತು ತಾನೂ ಹಣೆಯೂರಿದಳು. ಹೊರಗೆ ಯಾರದೋ ಅಂಗಳದಲ್ಲಿ ನಾಯಿ ಬೊಗಳುತ್ತಿತ್ತು.

ಬಹಳ ಹೊತ್ತು ಯೂಲಾನ್ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ತಲೆ ಎತ್ತಿ," ಎಂದಳು. "ಪರವಾಗಿಲ್ಲ ಅನ್ನೋಕೆ ನನ್ ಕೈಲಿ ಆಗಲ್ಲ. ಅದನ್ನ ನನ್ ಹತ್ರ ಕೇಳ್ಬೇಡಿ."

ಕೇಳುವುದಿಲ್ಲ ಎಂದು ತೋಕುಜಿ ಹೇಳಿದ.

"ನಾಡಿದ್ದು ಬೆಟ್ಟ ಬೇಡ. ಬೆಟ್ಟ ಎಲ್ಲಿಗೂ ಹೋಗಲ್ಲ. ನೀವು ಮೊದ್ಲು ನಮ್ಮನೆಗೆ ಬನ್ನಿ. ಈಗ ನಂಗೆ ಹೇಳಿದ್ನೆಲ್ಲ ಅವರೆದುರು ಕೂತು ಹೇಳಿ. ಫೋನಲ್ಲಲ್ಲ, ಕಾಗದದಲ್ಲಲ್ಲ. ನಾನು ಹೇಳಿದ್ರೆ, ಸಮಾಧಾನಕ್ಕೆ ಹೇಳ್ತಿದಾಳೆ ಅಂತಾರೆ."

ತೋಕುಜಿ ತನ್ನ ಊರಿರುವ ಇನಾ ಕಣಿವೆ ದಾಟಿ ಹೋದದ್ದೇ ಬೆರಳೆಣಿಕೆಯಷ್ಟು ಸಲ. ವಿಮಾನ ಹತ್ತಿದವನಲ್ಲ. ಆದರೆ ಅವನು ಹಿಂಜರಿದದ್ದು ಅದಕ್ಕಲ್ಲ.

"ಬರ್ತೀನಿ," ಎಂದ. ಆಮೇಲೆ, "ಅವರು ಕೈಯೆತ್ತಿ ಹೊಡೆದ್ರೆ?" ಎಂದು ಕೇಳಿದ.

"ಹೊಡೀಲಿ," ಎಂದಳು ಯೂಲಾನ್. "ನಾಲ್ಕು ವರ್ಷದಿಂದ ಆ ಕೈ ಏನೂ ಮಾಡಿಲ್ಲ."

ಮರುದಿನ ಬೆಳಗ್ಗೆ, ಪಾಸ್‌ಪೋರ್ಟ್ ಅರ್ಜಿ ತುಂಬಲು ತೋಕುಜಿ ಪೇಟೆಗೆ ಹೋಗುವ ಮೊದಲ ಬಸ್ಸು ಹತ್ತಿದ. ಯೂಲಾನ್ ಅವನ ಪಕ್ಕದ ಸೀಟಿನಲ್ಲಿ ಕುಳಿತಳು.