ಕಪ್ಪು-ಬಿಳುಪಿನ ರಕ್ತಕ್ಕೆ ಚಾಕೊಲೇಟ್

ಆ ವರ್ಷ ಗಲ್ಫಿನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಒಂದು ಕಿರುಚಿತ್ರ ತೆಗೆಯುವ ಹುಚ್ಚು ನನಗೆ ಹಿಡಿಯಿತು. ಹಳೆಯ ಕಪ್ಪು-ಬಿಳುಪು ದೆವ್ವದ ಸಿನಿಮಾಗಳ ಹಾಗೆ. ಹೆಣವಾಗಲು ಯಾರೂ ಒಪ್ಪದೆ ತಮ್ಮನನ್ನೇ ಹಿಡಿದೆ. ಅವನು ಎಲೆಕ್ಟ್ರಿಷಿಯನ್. ಕೆಲಸ ಹುಡುಕಲು ವಿಸಿಟ್ ವೀಸಾದಲ್ಲಿ ಬಂದು ಅಲ್ ನಹ್ದಾದ ನಮ್ಮ ಫ್ಲ್ಯಾಟಿನಲ್ಲಿದ್ದ. ವೀಸಾ ಮುಗಿಯಲು ಹತ್ತು ದಿನ ಉಳಿದಿತ್ತು. ಅಂತೂ ಇಂತೂ ಒಂದು ಕಂಪನಿ ಅವನನ್ನು ಶನಿವಾರ ಕೆಲಸದ ಪರೀಕ್ಷೆಗೆ ಕರೆದಿತ್ತು. ನಾವು ಚಿತ್ರ ತೆಗೆದದ್ದು ಅದರ ಹಿಂದಿನ ದಿನ, ಶುಕ್ರವಾರ.

ರಕ್ತದ ಪಾಠ ಹೇಳಿಕೊಟ್ಟವರು ಸತ್ವಾ ಪೇಟೆಯಲ್ಲಿ ನನ್ನ ರವಿಕೆ ಹೊಲಿಯುತ್ತಿದ್ದ ಮುದುಕ ದರ್ಜಿ. ಪ್ರಾಯದಲ್ಲಿ ಮದ್ರಾಸಿನ ಸ್ಟುಡಿಯೊಗಳಲ್ಲಿ ಉಡುಪು ಹೊಲಿದವರು. ಕುಂಕುಮ ಕಲಸುತ್ತೇನೆ ಎಂದದ್ದಕ್ಕೆ ನಕ್ಕುಬಿಟ್ಟರು.

“ಕಪ್ಪು-ಬಿಳುಪಲ್ಲಿ ಕೆಂಪು ಹಾಕಿದ್ರೆ ಬೂದಿ ನೀರಿನ ಹಾಗೆ ಕಾಣ್ತದೆ ಅಮ್ಮ. ಚಾಕ್ಲೇಟ್ ಸಿರಪ್ ತನ್ನಿ, ಅದಕ್ಕೆ ಒಂದು ಚಮಚ ಬಿಸಿನೀರು. ಆಗ ನೋಡಿ, ಹೇಗೆ ಇಳೀತದೆ ಅಂತ.”

ಮಾತೇನೋ ನಿಜ. ಆದರೆ ಎಸಿಯ ತಂಪಿಗೆ ಸಿರಪ್ಪು ಹಣೆಯಲ್ಲೇ ಗಟ್ಟಿಯಾಗಿ ಕೂತಿತು. ಎಸಿ ಆರಿಸಿದೆವು. ಬೆವರು ಒಂದು ಕಡೆ, ತಮ್ಮನ ಕಿಸಿಕಿಸಿ ಇನ್ನೊಂದು ಕಡೆ. ಎರಡು ಸಲ ಅವನು ತುಟಿ ನೆಕ್ಕಿ ಟೇಕ್ ಹಾಳುಮಾಡಿದ. ನನ್ನ ಪಿತ್ತ ನೆತ್ತಿಗೇರಿತು.

“ಇನ್ನೊಮ್ಮೆ ಅಲುಗಾಡಿದ್ರೆ ನೋಡು! ಹೆಣ ಅಂದ್ರೆ ಹೆಣ. ನಾನು ಸಾಕು ಅನ್ನುವವರೆಗೆ ಉಸಿರು ಸಹ ಬಿಡ್ಬೇಡ.”

“ಆಯ್ತು ಮಾರಾಯ್ತಿ, ಸತ್ತೆ.”

ಮೂರನೆಯ ಸಲ ಅವನು ನೀರಿನ ಗ್ಲಾಸು ಹಿಡಿದುಕೊಂಡೇ ಬಿದ್ದ. ಗ್ಲಾಸು ಒಡೆಯಿತು. ಅವನು ಮಿಸುಕಲಿಲ್ಲ. ಆಗಿನ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೂ ಕಪ್ಪು-ಬಿಳುಪೇ. ಹಣೆಯ ಸಿರಪ್ಪು ಎಷ್ಟು ಚೆಂದಕ್ಕೆ ಹರಿಯುತ್ತಿತ್ತೆಂದರೆ ನಾನು ಅದನ್ನೇ ನೋಡುತ್ತ ಇದ್ದುಬಿಟ್ಟೆ. ಅಂಗೈ ಕೆಳಗೆ ಟೈಲ್ಸಿನ ಮೇಲೆ ಬೂದು ಬಣ್ಣದ್ದೇನೋ ಹರಡಿತು. ಗ್ಲಾಸಿನ ನೀರು ಎಂದುಕೊಂಡೆ. ಸಾಕು ಎಂದು ಕ್ಯಾಮೆರಾ ಇಳಿಸಿದಾಗ ನೆಲವೆಲ್ಲ ಕೆಂಪು.

“ಹೇಳ್ಬಾರ್ದಾ, ಪಾಪಿ!” ಎಂದು ಕಿರುಚಿದೆ.

“ನೀನು ಬೈತಿ ಅಂತ,” ಎಂದ.

ಆಸ್ಪತ್ರೆಯಲ್ಲಿ ಮೊದಲು ಹಣೆಯ ಸಿರಪ್ಪು ತೊಳೆದು, ಆಮೇಲೆ ಗಾಜು ಕೊರೆದ ಅಂಗೈಗೆ ಹೊಲಿಗೆ ಹಾಕಿದರು. ಮುಷ್ಟಿ ಕಟ್ಟು ಎಂದು ಡಾಕ್ಟರು ಹೇಳಿದಾಗ ಬಲಗೈಯ ಎರಡು ಬೆರಳು ಮಡಚಲಿಲ್ಲ. ಒಳಗೆ ನರ ತುಂಡಾಗಿದೆ, ಸರಿಹೋಗುವ ಭರವಸೆ ಕೊಡಲಾರೆ ಎಂದರು. ಮರುದಿನ ಕಂಪನಿಗೆ ಫೋನ್ ಮಾಡಿ, ಒಂದು ತಿಂಗಳು ಕಾಯಿರಿ ಎಂದು ಅಂಗಲಾಚಿದೆ. “ಖಲಾಸ್ ಮೇಡಂ, ಬೇರೆ ಆದ್ಮಿ ಬಂದಾಯ್ತು,” ಎಂದರು. ಫೋನು ಹಿಡಿದುಕೊಂಡು ಅಲ್ಲೇ ಅತ್ತೆ. ಇನ್ನೇನು ಮಾಡಲಿ?

ಅವನು ಊರಿಗೆ ಹೊರಟ ದಿನ, ಅಲ್ಲಿ ಇಳಿದ ಮೇಲೆ ಕೊಡಬೇಕಾದ ಫಾರ್ಮನ್ನು ವಿಮಾನ ನಿಲ್ದಾಣದ ಕೌಂಟರಿನಲ್ಲೇ ಕೇಳಿ ಪಡೆದೆವು. ಅವನಿಗೆ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ನಾನು ತುಂಬಿದೆ. ಹೆಸರು, ಪಾಸ್‌ಪೋರ್ಟು, ವಿಳಾಸ. ಉದ್ಯೋಗ ಎಂಬಲ್ಲಿ ನನ್ನ ಕೈ ನಿಂತಿತು.

“ಎಂತ ನೋಡ್ತಿ ಅಕ್ಕ?” ಎಂದ. “ಎಲೆಕ್ಟ್ರಿಷಿಯನ್ ಅಂತ ಬರಿ.”